ಗಾಂಜಾ ಔಷಧಿಗೆ ಬೇಕಿರುವುದು ಅಂಗಡಿಯಲ್ಲ, ನಿಯಮ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಗಾಂಜಾ ಅಂದ ಕೂಡಲೇ ನಿಮ್ಮ ಪಕ್ಷದವರೂ ಎದುರು ಪಕ್ಷದವರೂ ಮಾತು ಬದಲಿಸುತ್ತಾರೆ. ಕಾರಣ ಅರ್ಥವಾಗುತ್ತದೆ. ಮಕ್ಕಳು ನಶೆಗೆ ಬಿದ್ದರು ಅನ್ನುವ ತಾಯಂದಿರ ಸಂಕಟ ಸುಳ್ಳಲ್ಲ. ಅವರೆದುರು ನಿಂತು ಗಾಂಜಾ ಔಷಧಿಗೆ ದಾರಿ ಮಾಡಿಕೊಡೋಣ ಅಂದರೆ ಮರುದಿನದ ಸುದ್ದಿ ಹೇಗಿರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನೀವು ಸುಮ್ಮನಿದ್ದೀರಿ ಅಂತ ಮಾರಾಟ ನಿಂತಿಲ್ಲ. ಹೇಗೆ ಬೇಕೋ ಹಾಗೆ ನಡೆಯುತ್ತಿದೆ, ಪೆಟ್ಟು ಬೀಳುತ್ತಿರುವುದು ರೋಗಿಗಳಿಗೆ.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿಯ ಜೊತೆ ಇಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ, ಎಲೆಯಿಂದ ಮಾಡುವ ಭಾಂಗ್ ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಎಂದಿತು. ಈ ಎಲೆಯ ಕಿಂಡಿಯಲ್ಲೇ ‘ವಿಜಯಾ’ (ಆಯುರ್ವೇದದಲ್ಲಿ ಈ ಗಿಡದ ಹೆಸರು) ಅನ್ನುವ ಹೆಸರಿನ ಎಣ್ಣೆ, ಮಾತ್ರೆಗಳು ಆನ್‌ಲೈನ್‌ನಲ್ಲಿ ಮನೆಮನೆಗೆ ಬರುತ್ತಿವೆ.

ನಮ್ಮ ಮನೆಗೂ ಬಂತು. ಚಿಕ್ಕಮ್ಮನಿಗೆ ಕೀಮೋ ನಡೆಯುತ್ತಿತ್ತು. ಗಂಜಿ ಕುಡಿದರೂ ವಾಂತಿ. ಯಾರೋ ಹೇಳಿದರು ಅಂತ ಒಂದು ಬಾಟಲಿ ತರಿಸಿದೆವು. ಅದಕ್ಕೆ ಮೊದಲು ವಿಡಿಯೊ ಕರೆಯಲ್ಲಿ ಒಬ್ಬ ವೈದ್ಯರು ಮಾತಾಡಿದರು, ಚೀಟಿಯೂ ಬಂತು. ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಅವರು ಕೇಳಲೇ ಇಲ್ಲ. ಬಾಟಲಿ ಮೇಲೆ ಗಿಡದ ಸಾರ ಎಷ್ಟು ಮಿಲಿಗ್ರಾಂ ಅಂತ ಇತ್ತು. ಅದರಲ್ಲಿ ನಶೆ ತರಿಸುವ ಅಂಶವಾದ ಟಿಎಚ್‌ಸಿ ಎಷ್ಟು, ನಶೆ ತರಿಸದ ಅಂಶವಾದ ಸಿಬಿಡಿ ಎಷ್ಟು ಅಂತ ಇರಲಿಲ್ಲ. ಒಂದು ರಾತ್ರಿ ಎರಡು ಹನಿ, ಇನ್ನೊಂದು ರಾತ್ರಿ ಐದು. ಬೆಳಿಗ್ಗೆ ಎದ್ದರೆ ತಲೆ ತಿರುಗು, ಮಧ್ಯಾಹ್ನದವರೆಗೂ ಮಂಪರು. ಕ್ಯಾನ್ಸರ್ ವೈದ್ಯರಿಗೆ ಬಾಟಲಿ ತೋರಿಸಿದಾಗ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಅವರಾದರೂ ಏನು ಹೇಳಬೇಕು?

ಗಾಂಜಾ ಎಲ್ಲ ಕಾಯಿಲೆಗೂ ಮದ್ದು ಅನ್ನುವವರ ಮಾತು ನಂಬಬೇಡಿ ಸರ್. ನಾನೂ ನಂಬುವುದಿಲ್ಲ. ಗಟ್ಟಿ ಪುರಾವೆ ಇರುವುದು ಕೆಲವೇ ಕಡೆ. ಡ್ರಾವೆಟ್, ಲೆನಾಕ್ಸ್-ಗಸ್ಟಾಟ್ ಅನ್ನುವ ಮಕ್ಕಳ ಕಠಿಣ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿ ದ್ರಾವಣವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿತು. ಕೀಮೋದ ವಾಂತಿಗೆ ಟಿಎಚ್‌ಸಿ ಮಾದರಿಯ ಮಾತ್ರೆಗಳಿಗೆ ಅಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದೇ ಸಿಬಿಡಿಯನ್ನು ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್ ಜೊತೆ ತಗೊಂಡರೆ ಯಕೃತ್ತಿಗೆ ತೊಂದರೆಯಾಗಬಹುದು. ಚಿಕ್ಕ ವಯಸ್ಸಿನವರಲ್ಲಿ ಟಿಎಚ್‌ಸಿ ಜಾಸ್ತಿಯಾದರೆ ಮನೋರೋಗದ ಅಪಾಯವೂ ಇದೆ. ಉಪಯೋಗವೂ ಇದೆ, ಅಪಾಯವೂ ಇದೆ ಅಂದಮೇಲೆ ಬೇರೆ ಔಷಧಿಗಳಿಗೆ ಇರುವ ಶಿಸ್ತು ಇದಕ್ಕೂ ಬೇಕು, ಅಲ್ವಾ?

ನಶೆಯ ಭಯದಲ್ಲಿ ರೋಗಿಯನ್ನು ಮರೆತರೆ ಏನಾಗುತ್ತದೆ ಅಂತ ನಾವು ಒಮ್ಮೆ ನೋಡಿ ಆಗಿದೆ. ಇದೇ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳಲ್ಲಿ ಅಫೀಮಿನಿಂದ ತೆಗೆಯುವ ನೋವಿನ ಔಷಧಿ ಮಾರ್ಫಿನ್ ಸಿಗುವುದೇ ಕಷ್ಟವಾಯಿತು. ಹಲವು ಇಲಾಖೆಗಳ ಹಲವು ಲೈಸೆನ್ಸ್, ಒಂದರ ಅವಧಿ ಮುಗಿದರೆ ಎಲ್ಲವೂ ನಿಂತಂತೆ. ಜೈಲಿನ ಭಯಕ್ಕೆ ಔಷಧಿ ಅಂಗಡಿಯವರು ಇಡುವುದನ್ನೇ ಬಿಟ್ಟರು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಕಿರುಚಿ ಸತ್ತರು. ಅದನ್ನು ಸರಿಪಡಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಸುಮಾರು ಮೂವತ್ತು ವರ್ಷ! ಆ ತಿದ್ದುಪಡಿಯಿಂದ ದೇಶದ ಬೀದಿಗಳಲ್ಲಿ ಮಾರ್ಫಿನ್ ಹರಿದಾಡಲಿಲ್ಲ. ಸಿಟ್ಟು ಬರುವುದು ಇಲ್ಲೇ. ಅಷ್ಟು ಸಂಕಟ ಬೇಕಾಗಿಯೇ ಇರಲಿಲ್ಲ.

ಹಾಗಂತ ಬಾಗಿಲು ಪೂರಾ ತೆಗೆದಿಡಿ ಅಂತಲೂ ನಾನು ಹೇಳುತ್ತಿಲ್ಲ. ಅಮೆರಿಕದ ಒಕ್ಲಹೋಮದಲ್ಲಿ 2018ರಲ್ಲಿ ಮತದಾರರು ಒಪ್ಪಿದ ಕಾನೂನಿನಲ್ಲಿ ಯಾವ ಕಾಯಿಲೆಗೆ ಕೊಡಬಹುದು ಎಂಬ ಪಟ್ಟಿಯೇ ಇರಲಿಲ್ಲ. ಗಾಂಜಾ ಅಂಗಡಿಗಳು ಎರಡು ಸಾವಿರ ದಾಟಿದವು. 2022ರಲ್ಲಿ ಸರ್ಕಾರ ಹೊಸ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆಯಿತು, ನಿಯಮ ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡಿತು. 2025ರಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಜರ್ಮನಿ ಬೇರೆ ದಾರಿ ಹಿಡಿಯಿತು. 2017ರಿಂದ ಅಲ್ಲಿ ವೈದ್ಯರು ಬರೆದುಕೊಟ್ಟರೆ ಮಾಮೂಲಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ನಮಗೆ ಹೊಂದುವುದು ಇದೇ ದಾರಿ ಅನ್ನುವುದು ನನ್ನ ಅಭಿಪ್ರಾಯ.

ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಔಷಧಿ ಮತ್ತು ಕೈಗಾರಿಕೆಗಾಗಿ ಗಾಂಜಾ ಬೆಳೆಯುವ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಅಲ್ಲಿ ಜೋರಾಗಿ ಕೇಳಿದ್ದು ಖಜಾನೆಗೆ ಬರುವ ಆದಾಯದ ಮಾತು. ದಯವಿಟ್ಟು ನೀವು ಆ ಜಾಡು ಹಿಡಿಯಬೇಡಿ. ಆದಾಯಕ್ಕಾಗಿ ಶುರುವಾದದ್ದು ಮಾರಾಟ ಹೆಚ್ಚಿಸುವ ಕಡೆಗೇ ಹೋಗುತ್ತದೆ. ಆಗ ಆ ತಾಯಂದಿರ ಭಯ ನಿಜವಾಗುತ್ತದೆ.

ನೀವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹೊಸ ಕಾಯ್ದೆಯೂ ಬೇಕಿಲ್ಲ. ಎನ್‌ಡಿಪಿಎಸ್‌ನ 8ನೇ ಸೆಕ್ಷನ್ ವೈದ್ಯಕೀಯ ಬಳಕೆಗೆ ಜಾಗ ಬಿಟ್ಟಿದೆ, 10ನೇ ಸೆಕ್ಷನ್ ರಾಜ್ಯಗಳಿಗೆ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ವಿಶ್ವಸಂಸ್ಥೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯುವ ಮತದಾನ ನಡೆದಾಗ ಭಾರತ ಪರವಾಗಿಯೇ ಮತ ಹಾಕಿದೆ. 27 ಮತ ಪರ, 25 ವಿರೋಧ. ನಿಮಗೆ ಅಂಜಿಕೆ ಇದ್ದರೆ ಈ ಮತವನ್ನೇ ಮುಂದಿಟ್ಟು ಮಾತಾಡಿ.

ಈ ಕಾಯ್ದೆ ನೋಡಿಕೊಳ್ಳುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆ, ರೋಗಿಯನ್ನು ನೋಡಿಕೊಳ್ಳಬೇಕಾದ್ದು ಆರೋಗ್ಯ ಸಚಿವಾಲಯ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಕೂರಬಾರದು. ಹಾಗಾಗಿ ಇಬ್ಬರಿಗೂ ಪ್ರಶ್ನೆ ಹಾಕಿ. ಈಗ ಮಾರಾಟವಾಗುತ್ತಿರುವ ವಿಜಯಾ ಎಣ್ಣೆಗಳಲ್ಲಿ ಟಿಎಚ್‌ಸಿ ಎಷ್ಟಿದೆ ಅಂತ ಯಾರು ಪರೀಕ್ಷೆ ಮಾಡುತ್ತಾರೆ? ಲೇಬಲ್ ಮೇಲೆ ಅದನ್ನು ಯಾವಾಗ ಕಡ್ಡಾಯ ಮಾಡುತ್ತೀರಿ? ಮೂರ್ಛೆರೋಗದ ಮಗುವಿಗೆ ಶುದ್ಧ ಸಿಬಿಡಿ ಬರೆದುಕೊಡಬೇಕಾದರೆ ಸರ್ಕಾರಿ ಆಸ್ಪತ್ರೆಯ ನರರೋಗ ತಜ್ಞರು ಯಾವ ನಿಯಮದಡಿ ಬರೆಯಬೇಕು?

ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಕೇಳಿ ಸರ್. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನದಾದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ನೀವು ಉಪಪ್ರಶ್ನೆ ಕೇಳಬಹುದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ