ಒಪ್ಪಂದ ಹರಿದುಹಾಕುವ ಮುನ್ನ

ಕಾಸರಗೋಡು

ಪ್ರೀತಿಯ ತಂಗಿಗೆ,

ಡಂಜನ್ಸ್ ಆ್ಯಂಡ್ ಡ್ರಾಗನ್ಸ್ (ಡಿ ಆ್ಯಂಡ್ ಡಿ) ಎಂಬ ಪಾತ್ರ ವಹಿಸುವ ಆಟಕ್ಕೆ, ಅದರ ಎಬೆರಾನ್ ಎಂಬ ಕಲ್ಪಿತ ಲೋಕವನ್ನಿಟ್ಟು ನೀನು ಬರೆದ ಕ್ಯಾಂಪೇನಿನ, ಅಂದರೆ ಹಲವು ಸೆಷನ್ನುಗಳಲ್ಲಿ ಆಡುವ ಕಥೆಯ, ಕರಡು ಓದಿದೆ. ಅಲ್ಲಿನ ದೊಡ್ಡ ಯುದ್ಧವನ್ನು ಮುಗಿಸಿದ ಥ್ರೋನ್‌ಹೋಲ್ಡ್ ಒಪ್ಪಂದ ಆಗಲೇ ಇಲ್ಲ, ಯುದ್ಧ ಇನ್ನೂ ನಡೆಯುತ್ತಿದೆ ಎಂದು ಇಟ್ಟುಕೊಂಡಿದ್ದಿ. ಆ ಲೋಕದ ಅಧಿಕೃತ ಪುಸ್ತಕದಲ್ಲಿರುವುದನ್ನು ಹೀಗೆ ಬದಲಿಸಬಹುದೇ ಎಂದು ಕೇಳಿದ್ದಿ. ಧಾರಾಳವಾಗಿ ಬದಲಿಸು. ಪ್ರಕಾಶಕರೇನು ಕಡಿಮೆಯವರಲ್ಲ: 2008ರಲ್ಲಿ ಡಿ ಆ್ಯಂಡ್ ಡಿಯ ನಾಲ್ಕನೇ ಆವೃತ್ತಿ ತಂದಾಗ ಫರ್ಗಾಟನ್ ರೆಲ್ಮ್ಸ್ ಎಂಬ ಇನ್ನೊಂದು ಲೋಕದ ಕಾಲವನ್ನು ಒಂದೇ ಏಟಿಗೆ ಸುಮಾರು ನೂರು ವರ್ಷ ಮುಂದೆ ತಳ್ಳಿದರು. ನೀನು ಕೇಳಿಕೊಳ್ಳಬೇಕಾದ್ದು ಬೇರೆ: ಆ ಒಪ್ಪಂದದ ಮೇಲೆ ಏನೇನು ನಿಂತಿದೆ?

ಲೆಕ್ಕ ಹಾಕಿ ನೋಡು. ಯುದ್ಧಕ್ಕೆಂದೇ ಮಾಡಿದ, ಪ್ರಜ್ಞೆಯುಳ್ಳ ಯಂತ್ರಯೋಧರಾದ ವಾರ್‌ಫೋರ್ಜ್ಡ್‌ಗಳಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಆ ಲೋಕದ ಕಾಲಗಣನೆಯ 996ನೇ ವರ್ಷದ (996 ವೈ.ಕೆ.) ಆ ಒಪ್ಪಂದದಿಂದ. ಅದಿಲ್ಲದಿದ್ದರೆ, ವಾರ್‌ಫೋರ್ಜ್ಡ್ ಪಾತ್ರ ಕಟ್ಟಿಕೊಂಡು ಬಂದವನ ಪಾತ್ರ ಮೊದಲ ಸೆಷನ್ನಿನಲ್ಲೇ ಯಾವುದೋ ಸೈನ್ಯದ ಸೊತ್ತು. ಅವುಗಳನ್ನು ತಯಾರಿಸುವ ಕುಲುಮೆಗಳನ್ನು ಒಡೆಯಬೇಕು ಎಂದದ್ದೂ ಅದೇ ಒಪ್ಪಂದ. ಶಾರ್ನ್ ನಗರದಡಿ ಅವುಗಳನ್ನು ತಯಾರಿಸಿದ ಮನೆತನದ ಮೆರಿಕ್ಸ್ ಗುಟ್ಟಾಗಿ ಕುಲುಮೆ ನಡೆಸುತ್ತಾನೆ ಎಂಬುದು ನಿನ್ನ ಮೂರನೇ ಅಧ್ಯಾಯದ ತಿರುವು. ನಿಷೇಧವೇ ಇಲ್ಲದ ಮೇಲೆ ಗುಟ್ಟು ಯಾತಕ್ಕೆ? ವಾಲೆನಾರ್ ಎಂಬುದು ಸೈರ್ ರಾಜ್ಯದಿಂದ ಕಿತ್ತುಕೊಂಡ ನೆಲ. ಅದಕ್ಕೆ ರಾಷ್ಟ್ರವೆಂಬ ಮಾನ್ಯತೆ ಬಂದದ್ದೂ ಥ್ರೋನ್‌ಹೋಲ್ಡಿನಲ್ಲೇ. ನಿನ್ನ ಕರಡಿನಲ್ಲಿ ವಾಲೆನಾರಿನ ರಾಯಭಾರಿ ಔತಣಕ್ಕೆ ಬರುತ್ತಾನೆ. ಯಾವ ಲೆಕ್ಕದಲ್ಲಿ ರಾಯಭಾರಿ?

ಇದಕ್ಕೆ ಸುಲಭದ ದಾರಿಯೊಂದಿದೆ. 2004ರ ಮೊದಲ ಎಬೆರಾನ್ ಪುಸ್ತಕವೂ 2019ರ ಪುಸ್ತಕವೂ ಆಟ ಶುರುಮಾಡುವುದು 998 ವೈ.ಕೆ.ಯಲ್ಲೇ. ಅಲ್ಲಿಂದ ಮುಂದಿನದೆಲ್ಲ ನಿನ್ನದು. ಒಪ್ಪಂದ ಇರಲಿ, ಎರಡನೇ ಸೆಷನ್ನಿನಲ್ಲಿ ಕಾರ್ನಾಥ್ ರಾಜ್ಯ ಅದನ್ನು ಮುರಿಯಲಿ. ನಿನಗೆ ಬೇಕಾದ ಯುದ್ಧ ಸಿಕ್ಕಿತು, ಅದೂ ಪ್ಲೇಯರುಗಳ ಕಣ್ಣೆದುರೇ, ಯಾರ ಪಾತ್ರಕ್ಕೂ ಏಟು ಬೀಳದೆ. ಸೈರ್ ನಾಶವಾದದ್ದು ಹೇಗೆ ಎಂಬುದಕ್ಕಂತೂ ಅಧಿಕೃತ ಉತ್ತರವೇ ಇಲ್ಲ, ಬೇಕೆಂದೇ ಬಿಟ್ಟಿದ್ದಾರೆ. ಕತ್ತರಿ ಹಿಡಿಯುವ ಮೊದಲು ಇಂಥ ಖಾಲಿ ಜಾಗ ಹುಡುಕು. ಹೊಸಬರು ಯಾಕೋ ತುಂಬಿದ ಜಾಗಕ್ಕೇ ಕೈಹಾಕುತ್ತಾರೆ.

ಇಷ್ಟಾದ ಮೇಲೂ ಹಳೆಯದನ್ನೇ ಬದಲಿಸಬೇಕೆನಿಸಿದರೆ ಒಂದು ಹಾಳೆ ತೆಗೆದುಕೋ. ಪ್ರತಿ ಬದಲಾವಣೆಗೂ ಮೂರು ಸಾಲು: ಯಾವ ವರ್ಷ ಆಯಿತು, ಯಾರಿಗೆ ಲಾಭವಾಯಿತು, ಪಾತ್ರಗಳ ಕಣ್ಣಿಗೆ ಮೊದಲು ಎಲ್ಲಿ ಬೀಳುತ್ತದೆ. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಬದಲಾವಣೆ ನಿನ್ನ ಖುಷಿಗೆ ಮಾತ್ರ, ಹೊಡೆದುಹಾಕು. ಒಂದು ಹಾಳೆ ಸಾಲದೆಂದರೆ ನಿನಗೆ ಬೇಕಿರುವುದು ಎಬೆರಾನ್ ಅಲ್ಲ, ಸ್ವಂತದ್ದೊಂದು ಲೋಕ.

ಬದಲಿಸಿದ್ದರಲ್ಲಿ, ಎಬೆರಾನಿನಲ್ಲಿ ಬೆಳೆದವರಿಗೆ ತಿಳಿದೇ ಇರುವ ಸಂಗತಿಗಳನ್ನು ಸೆಷನ್ ಝೀರೋದಲ್ಲಿ, ಅಂದರೆ ಆಟಕ್ಕೆ ಮುಂಚಿನ ಮಾತುಕತೆಯಲ್ಲಿ, ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ತುಂಬುವ ಮೊದಲೇ ಹೇಳಿಬಿಡು. ತಾಳಮದ್ದಳೆಯಲ್ಲಿ ಅರ್ಥಧಾರಿ ಕರ್ಣನನ್ನು ಎತ್ತ ಬೇಕಾದರೂ ಕೊಂಡೊಯ್ಯಲಿ, ಎದುರು ಕೂತವನಿಗೆ ಇವತ್ತಿನ ಪ್ರಸಂಗ ಯಾವುದೆಂದು ಗೊತ್ತಿರಬೇಕಲ್ಲ. ಹಾಳೆ ಹಂಚಿ ಸುಮ್ಮನಾಗಬೇಡ. ನಮ್ಮ ಜಿಲ್ಲೆಯ ಹೊಸದುರ್ಗ ಕಡೆಯ ಗೆಳೆಯರಿಗೆ ಕನ್ನಡ ಮಾತು ಅರ್ಥವಾದರೂ ಲಿಪಿ ಬಾರದಿರಬಹುದು. ಗಟ್ಟಿಯಾಗಿ ಓದು, ಬೇಕಾದಲ್ಲಿ ಮಲಯಾಳದಲ್ಲೋ ತುಳುವಿನಲ್ಲೋ ಹೇಳು. ಕಥೆಯ ಗುಟ್ಟುಗಳನ್ನು ಬಿಟ್ಟುಕೊಡಬೇಕಾಗಿಲ್ಲ. ‘ಪುಸ್ತಕ ಹೇಳುವ ಕೆಲವು ಗುಟ್ಟು ಇಲ್ಲಿ ಸುಳ್ಳು’ ಎಂದರೆ ಸಾಕು.

ಆಟದ ನಡುವೆ ಒಬ್ಬ ಮೊಬೈಲ್ ತೆಗೆದು ‘ಪುಸ್ತಕದಲ್ಲಿ ಹೀಗಿಲ್ಲ’ ಎನ್ನುತ್ತಾನೆ. ಎಂದೇ ಎನ್ನುತ್ತಾನೆ. ವಿಷಯ ಹಾಳೆಯಲ್ಲಿ ಇಲ್ಲದಿದ್ದರೆ ಅವನದೇ ಸರಿ, ಒಪ್ಪಿಕೊಂಡು ಮುಂದೆ ಹೋಗು. ಪುಸ್ತಕ ನಂಬಿಯೇ ಅವನು ಉಪಾಯ ಹೂಡಿರುತ್ತಾನೆ. ‘ಆ ಚರಿತ್ರೆ ಬರೆದವನೇ ಸುಳ್ಳುಗಾರ’ ಎಂಬ ಜಾಣ ಉತ್ತರ ಇಡೀ ಕ್ಯಾಂಪೇನಿಗೆ ಒಂದು ಸಲ ನಡೆದೀತು. ಮತ್ತೆ ಹೇಳಿದರೆ ಅವನು ನಿನ್ನನ್ನೇ ನಂಬುವುದಿಲ್ಲ.

ಮುಂದೆ ಮಾರುವ ಯೋಚನೆ ಇದ್ದರೆ ಒಂದು ಎಚ್ಚರ. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದ ಡಿ ಆ್ಯಂಡ್ ಡಿಯ ನಿಯಮಸಂಗ್ರಹ ಎಸ್‌ಆರ್‌ಡಿ 5.1 ನಿಯಮಗಳನ್ನಷ್ಟೇ ಮುಕ್ತಗೊಳಿಸಿತು. ಎಬೆರಾನ್ ಲೋಕ ಅದರಲ್ಲಿಲ್ಲ. ಆ ಹೆಸರುಗಳು ಬೇಕೆಂದರೆ ಡಿಎಂಸ್ ಗಿಲ್ಡ್ ಎಂಬ ಜಾಲತಾಣದಲ್ಲಿ, ಅಲ್ಲಿನ ಷರತ್ತಿನಂತೆ ಮಾರಬೇಕು. ಬೇಡವೆಂದರೆ ಈಗಿನಿಂದಲೇ ಬೇರೆ ಹೆಸರಿಟ್ಟು ಬರೆ. ಇನ್ನೂರು ಪುಟ ಮುಗಿದ ಮೇಲೆ ಹೆಸರು ತಿದ್ದಲು ಕೂತರೆ ಎಲ್ಲೋ ಒಂದೆರಡು ಉಳಿದೇ ಉಳಿಯುತ್ತವೆ.

ಇತಿ,
ನಿನ್ನ ಅಣ್ಣ