ಅಪ್ಪನ ‘ಸಾರ ಇಲ್ಲೆ’ ಮತ್ತು ಮೂವತ್ತು ಪ್ರಶ್ನೆಗಳು

ಬದಿಯಡ್ಕ
ಆದಿತ್ಯವಾರ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ನಿನ್ನ ಅಕ್ಕನ ಬಯಾಪ್ಸಿ ವರದಿ ಓದಿ ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು, ಅವರು ಬಡಿಸಿದ ಗುಜ್ಜೆ ಪಲ್ಯ ಉಂಡು ಬೆಳೆದವನು ನಾನು. ಗುದನಾಳದ ಕ್ಯಾನ್ಸರ್ ಎಂಬ ಮಾತು ಅವರಿಗೆ ಸೇರಿದ್ದೆಂದು ಒಪ್ಪಲು ಮನಸ್ಸಿಗೆ ಆಗುತ್ತಿಲ್ಲ. ‘ಡಾಕ್ಟರ ಹತ್ತಿರ ನಾನು ಏನೆಲ್ಲ ಕೇಳಬೇಕು?’ ಎಂದು ನೀನು ಮೂರು ಸಲ ಕೇಳಿದೆ. ನಾನು ತಡವರಿಸಿದೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಓಡಾಡುತ್ತಿರುವ ಇನ್ನಷ್ಟು ಮನೆಗಳು ನಮ್ಮ ಸುತ್ತ ಇವೆ. ಆದ್ದರಿಂದ ನಿನ್ನ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಎಲ್ಲರೂ ಓದುವ ಕಡೆ ಹಾಕುತ್ತೇನೆ.

ಅಪ್ಪನ ಕಾಯಿಲೆಯ ಹೊರಗಿನ ಕತೆ ನಿನಗೆ ಗೊತ್ತು. ಜಠರದ ಕ್ಯಾನ್ಸರ್, ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಜಠರವನ್ನು ಪೂರ್ತಿ ತೆಗೆದದ್ದು, ಆಮೇಲೆ ಕಿಮೋ. ಒಳಗಿನ ಕತೆ ಮೊದಲ ಮೂರು ತಿಂಗಳು ಮನೆಯಲ್ಲಿದ್ದ ನಮಗೇ ಗೊತ್ತಿರಲಿಲ್ಲ. ಪ್ರತಿ ಭೇಟಿಯಲ್ಲೂ ಡಾಕ್ಟರು ಸ್ಕ್ಯಾನ್ ನೋಡುತ್ತಾ ‘ಹೇಗಿದ್ದೀರಿ?’ ಎನ್ನುತ್ತಿದ್ದರು. ಅಪ್ಪ ‘ಸಾರ ಇಲ್ಲೆ’ ಎನ್ನುತ್ತಿದ್ದರು. ನಮ್ಮ ಹವ್ಯಕ ಮಾತಿನ ಈ ಎರಡು ಶಬ್ದಗಳಿಗೆ ‘ತೊಂದರೆಯಿಲ್ಲ’ ಎಂಬ ಅರ್ಥವೂ ಇದೆ, ‘ಇದ್ದರೂ ನಾನು ತಡೆದುಕೊಳ್ಳುತ್ತೇನೆ, ನೀವು ಚಿಂತೆ ಮಾಡಬೇಡಿ’ ಎಂಬ ಅರ್ಥವೂ ಇದೆ. ಕಡತದಲ್ಲಿ ಮೊದಲನೆಯ ಅರ್ಥ ಮಾತ್ರ ದಾಖಲಾಗುತ್ತಿತ್ತು.

ನಾಲ್ಕನೆಯ ಭೇಟಿಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಕನ್ನಡದ ಒಂದು ಪ್ರಶ್ನಾವಳಿ ಕೊಟ್ಟಳು. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಇಒಆರ್‌ಟಿಸಿ ರೂಪಿಸಿ, 1993ರಲ್ಲಿ ಪ್ರಕಟಿಸಿದ, ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟ ಅಳೆಯುವ ಕ್ಯೂಎಲ್‌ಕ್ಯೂ-ಸಿ30 ಅದು. ಒಟ್ಟು 30 ಪ್ರಶ್ನೆಗಳು. ಹೆಚ್ಚಿನವು ಕಳೆದ ಒಂದು ವಾರದ ಬಗ್ಗೆ. ನಡೆಯಲು ಕಷ್ಟವಾಯಿತೇ, ನಿದ್ದೆ ಬಂತೇ, ಹಸಿವಾಯಿತೇ, ವಾಕರಿಕೆ ಬಂತೇ, ಭೇದಿಯಾಯಿತೇ, ಚಿಂತೆ ಕಾಡಿತೇ, ನೆನಪು ಕೈಕೊಟ್ಟಿತೇ, ಕಾಯಿಲೆಯಿಂದ ಹಣದ ತೊಂದರೆಯಾಯಿತೇ. ಮೊದಲ 28ಕ್ಕೆ 1ರಿಂದ (ಇಲ್ಲವೇ ಇಲ್ಲ) 4ರವರೆಗೆ (ತುಂಬ), ಕೊನೆಯ ಎರಡಕ್ಕೆ 1ರಿಂದ (ತೀರಾ ಕೆಟ್ಟದು) 7ರವರೆಗೆ (ಅತ್ಯುತ್ತಮ) ಗುರುತು ಹಾಕಬೇಕು.

ಅಪ್ಪನಿಗೆ ಕನ್ನಡಕ ತಂದಿರಲಿಲ್ಲ. ‘ನಾನೇ ತುಂಬುತ್ತೇನೆ’ ಎಂದು ಪೆನ್ನು ತೆಗೆದುಕೊಂಡೆ. ಅವಳು ಒಪ್ಪಲಿಲ್ಲ. ‘ನೀವು ಓದಿ ಹೇಳಿ ಸರ್, ಉತ್ತರ ಅವರದೇ ಆಗಬೇಕು’ ಎಂದಳು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ನನ್ನ ಲೆಕ್ಕದಲ್ಲಿ ಅಪ್ಪನಿಗೆ ಅತಿ ದೊಡ್ಡ ಕಷ್ಟ ನೋವು, ಅದಕ್ಕೆ ನಾನಾಗಿದ್ದರೆ 4 ಹಾಕುತ್ತಿದ್ದೆ. ಅಪ್ಪ ಹಾಕಿಸಿದ್ದು 2. ಅವರು 4 ಹಾಕಿಸಿದ್ದು ಎರಡು ಕಡೆ: ಜನರೊಡನೆ ಬೆರೆಯಲು ಅಡ್ಡಿಯಾಯಿತೇ ಎಂಬಲ್ಲಿ, ಮತ್ತು ಹಣದ ತೊಂದರೆಯ ಪ್ರಶ್ನೆಯಲ್ಲಿ. ನಾನು ಓದುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆ ಸಂಜೆ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದರು. ಜಠರ ಇಲ್ಲದ ಮೇಲೆ ಉಂಡದ್ದು ನೇರವಾಗಿ ಸಣ್ಣಕರುಳಿಗೆ ಇಳಿಯುತ್ತದೆ. ಹೆಚ್ಚು ಉಂಡರೆ, ಅದರಲ್ಲೂ ಸಿಹಿ ತಿಂದರೆ, ಬೆವರು, ಎದೆಬಡಿತ, ತಲೆಸುತ್ತು, ಭೇದಿ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದು ಉಪನಯನದಲ್ಲಿ ಪಾಯಸ ಬಡಿಸಿದ ಮೇಲೆ ಅಪ್ಪನಿಗೆ ಹಾಗಾಯಿತಂತೆ. ಪಂಕ್ತಿಯ ನಡುವೆ ಏಳುವಂತಿಲ್ಲವಲ್ಲ, ಎಲ್ಲರ ಊಟ ಮುಗಿಯುವವರೆಗೆ ಎಲೆಯ ಮುಂದೆ ನಡುಗುತ್ತಾ ಕುಳಿತಿದ್ದರಂತೆ. ಅಲ್ಲಿಂದೀಚೆಗೆ ಯಾರ ಮನೆಗೂ ಹೋಗಲಿಲ್ಲ. ‘ಬೆನ್ನುನೋವು’ ಎಂದು ನಮಗೆ ಹೇಳುತ್ತಿದ್ದರು. ಐವತ್ತು ವರ್ಷ ಊರಿನ ಎಲ್ಲ ಜಂಬರಗಳಲ್ಲಿ (ಸಮಾರಂಭಗಳಲ್ಲಿ) ಮುಂದೆ ನಿಂತು ಸುಧಾರಿಸಿದ ಮನುಷ್ಯ! ಇನ್ನು ಹಣದ ವಿಷಯ. ತೋಟದ ಕೆಳಗಿನ ತುಂಡು ಮಾರುವ ಮಾತನ್ನು ನಾನು ಅಮ್ಮನ ಹತ್ತಿರ ಆಡಿದ್ದನ್ನು ಅವರು ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದರು.

ಕೇಳಿದ್ದರಿಂದ ಏನು ಬದಲಾಯಿತು ಎಂದು ನೀನು ಕೇಳಬಹುದು. ತುಂಬ ಬದಲಾಯಿತು. ಮುಂದಿನ ಭೇಟಿಯಲ್ಲಿ ಆಹಾರತಜ್ಞೆಯೊಬ್ಬರು ಅರ್ಧ ಗಂಟೆ ನಮ್ಮ ಜೊತೆ ಕುಳಿತರು. ಮೂರು ಹೊತ್ತಿನ ಊಟ ಆರು ಸಣ್ಣ ಊಟವಾಯಿತು. ಊಟದ ಜೊತೆ ನೀರು ಕುಡಿಯುವುದು ನಿಂತಿತು. ಕುಚ್ಚಲಕ್ಕಿ ಗಂಜಿಯನ್ನು ಬಿಟ್ಟು ಅಪ್ಪ ಇರಲಾರರು. ಆ ತಾಯಿ ಅದನ್ನು ಬಿಡಿಸಲಿಲ್ಲ. ತೆಳಿಯನ್ನು ಬಸಿದು ತೆಗೆದಿಟ್ಟು, ಅನ್ನವನ್ನು ಚೆನ್ನಾಗಿ ಅಗಿದು ಉಣ್ಣಿ, ತೆಳಿಯನ್ನು ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದರು. ಅಷ್ಟೇ. ಮದುವೆಮನೆಗಳಿಗೆ ನಾನು ಮೊದಲೇ ಫೋನ್ ಮಾಡಿ ಹೇಳತೊಡಗಿದೆ. ಪಂಕ್ತಿ ಕೂರುವ ಮೊದಲೇ ಜಗಲಿಯ ಮೂಲೆಯಲ್ಲಿ ಅಪ್ಪನಿಗೆ ಸಣ್ಣ ಎಲೆ ಹಾಕುತ್ತಿದ್ದರು, ಆಮೇಲೆ ಅವರು ಬಡಿಸುವವರ ಹಿಂದೆ ‘ಇತ್ತ ಸಾಂಬಾರು, ಅತ್ತ ಉಪ್ಪು’ ಎನ್ನುತ್ತಾ ಓಡಾಡುತ್ತಿದ್ದರು.

ನಾನು ಗಣಿತದ ಮೇಷ್ಟ್ರು, ಲೆಕ್ಕ ಹೇಳದೆ ಬಿಡಲಾರೆ. ಆಯಾಸದ ಬಗ್ಗೆ ಆ ಪ್ರಶ್ನಾವಳಿಯಲ್ಲಿ ಮೂರು ಪ್ರಶ್ನೆಗಳಿವೆ. ಅಪ್ಪನ ಉತ್ತರ 3, 3, 4. ಸರಾಸರಿಯಿಂದ 1 ಕಳೆದು, 3ರಿಂದ ಭಾಗಿಸಿ, 100ರಿಂದ ಗುಣಿಸಬೇಕು. 78 ಬಂತು. ತೊಂದರೆಗಳ ಅಂಕ ಹೆಚ್ಚಿದಷ್ಟೂ ಕೆಟ್ಟದ್ದು, ಸಾಮರ್ಥ್ಯದ ಅಂಕ ಹೆಚ್ಚಿದಷ್ಟೂ ಒಳ್ಳೆಯದು. 10 ಅಂಕ ಅತ್ತಿತ್ತವಾದರೆ ರೋಗಿಗೆ ವ್ಯತ್ಯಾಸ ಗೊತ್ತಾಗುವಷ್ಟಿರುತ್ತದೆ, 20 ದಾಟಿದರೆ ದೊಡ್ಡ ಬದಲಾವಣೆ ಎಂದು ತಿಳಿದವರು ಹೇಳುತ್ತಾರೆ. ಈ 78ನ್ನು ನೋಡಿ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ತೀರಾ ಇಳಿದಿತ್ತು. ಕಬ್ಬಿಣಾಂಶವನ್ನು ರಕ್ತನಾಳಕ್ಕೆ ಕೊಟ್ಟರು. ಜಠರ ತೆಗೆದವರಿಗೆ ಬಿ12 ಜೀವನಪೂರ್ತಿ ಬೇಕು, ಅದರ ಚುಚ್ಚುಮದ್ದು ತಪ್ಪಿಹೋಗಿದ್ದದ್ದೂ ಆಗಲೇ ಗಮನಕ್ಕೆ ಬಂತು. ದಿನಾ ಸಂಜೆ ಅಂಗಳದಲ್ಲಿ ಸ್ವಲ್ಪ ನಡೆಸಿದೆವು. ಎರಡು ತಿಂಗಳ ಮೇಲೆ ಉತ್ತರ 2, 2, 3. ಅಂಕ 44. ‘ಸಾರ ಇಲ್ಲೆ’ಯ ಹಿಂದೆ ಅಡಗಿದ್ದ 78 ಯಾರಿಗೂ ಕಾಣದೆ ಉಳಿಯುತ್ತಿತ್ತಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಸಿವು ಮಾತ್ರ ಮರಳಲಿಲ್ಲ. ಪುದುಚೇರಿಯ ವೈದ್ಯಕೀಯ ಸಂಸ್ಥೆ ಜಿಪ್ಮರ್‌ನ ವೈದ್ಯರು ಜಠರ, ಯಕೃತ್ತು, ಮೇದೋಜೀರಕ ಮತ್ತು ಶ್ವಾಸಕೋಶದ ಕ್ಯಾನ್ಸರ್ ಇದ್ದ 124 ಮಂದಿಯಲ್ಲಿ ನಡೆಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಕಿಮೋ ಸಮಯದಲ್ಲಿ ಓಲಾಂಜಪೈನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು ದಿನಕ್ಕೆ ಕೇವಲ 2.5 ಮಿಲಿಗ್ರಾಂ ಕೊಟ್ಟಾಗ ಹಸಿವೂ ತೂಕವೂ ಹೆಚ್ಚಿದವು. ನಮ್ಮ ಡಾಕ್ಟರು ಅದನ್ನೇ ಬರೆದುಕೊಟ್ಟರು. ಮಾನಸಿಕ ಕಾಯಿಲೆಯ ಮಾತ್ರೆ ಎಂದು ಔಷಧದಂಗಡಿಯಲ್ಲಿ ಯಾರೋ ಹೇಳಿದ್ದು ಕೇಳಿ ಅಪ್ಪ ನೊಂದುಕೊಂಡಿದ್ದರು. ಡಾಕ್ಟರೇ ಫೋನಿನಲ್ಲಿ ತಿಳಿಸಿ ಹೇಳಿದ ಮೇಲೆ ನುಂಗಿದರು. ಮೂರನೆಯ ವಾರದಲ್ಲಿ ಒಂದು ದಿನ ‘ಮಾವಿನ ಮಿಡಿ ಉಪ್ಪಿನಕಾಯಿ ಉಂಟೋ?’ ಎಂದು ಕೇಳಿದರು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಅಕ್ಕನಿಗೆ ಇದು ಬೇಕೋ ಬೇಡವೋ ಎಂಬುದನ್ನು ಡಾಕ್ಟರೇ ನಿರ್ಧರಿಸಬೇಕು, ನೀನಾಗಿ ತಂದುಕೊಡಬೇಡ.

ಭಾಷೆಯ ಮಾತೊಂದಿದೆ. ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ಅದು ಸಣ್ಣದಲ್ಲ. ಕೇರಳದ ಉಪಶಾಮಕ ಆರೈಕೆಯನ್ನು, ಅಂದರೆ ರೋಗಿಯ ನೋವು-ತೊಂದರೆ ತಗ್ಗಿಸುವ ಆರೈಕೆಯನ್ನು, ನಾನು ಮನಸಾರೆ ಹೊಗಳುತ್ತೇನೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಮೊಳೆತದ್ದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಪಂಚಾಯತಿನ ನರ್ಸ್ ಮನೆಬಾಗಿಲಿಗೆ ಬರುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದವರು ಬಲು ಪ್ರೀತಿಯ ಹೆಂಗಸು, ಆದರೆ ಮಲಯಾಳ ಬಿಟ್ಟು ಬೇರೆ ಬಾರದು. ಮೊದಲ ದಿನ ‘ಕ್ಷೀಣಂ ಉಂಡೋ?’ ಎಂದು ಕೇಳಿದರು. ಮಲಯಾಳದಲ್ಲಿ ಅದು ಆಯಾಸ. ಅಪ್ಪನ ಕನ್ನಡದ ಕಿವಿಗೆ ಬಿದ್ದದ್ದು ಕ್ಷೀಣ. ದೀಪ ಕ್ಷೀಣಿಸುವ ಹಾಗೆ ತನ್ನ ಆಯುಸ್ಸು ಇಳಿಯುತ್ತಿದೆಯೇ ಎಂದು ಇವರು ಕೇಳುತ್ತಿದ್ದಾರೆ ಎಂದುಕೊಂಡು ಅಪ್ಪ ಇಡೀ ದಿನ ಮಾತಾಡಲಿಲ್ಲ. ಇಂಥ ಪ್ರಶ್ನಾವಳಿಯನ್ನು ಅನುವಾದಿಸುವಾಗ ಇಬ್ಬರು ಬೇರೆ ಬೇರೆಯಾಗಿ ಭಾಷಾಂತರಿಸಿ, ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಿ ತಾಳೆ ನೋಡಿ, ಕೊನೆಗೆ ರೋಗಿಗಳಿಂದಲೇ ಓದಿಸುತ್ತಾರೆ. ಯಾಕೆಂದು ನನಗೆ ಅಂದು ಅರ್ಥವಾಯಿತು. ಕಾಸರಗೋಡಿನ ಕನ್ನಡ ರೋಗಿಗೆ ಕನ್ನಡದಲ್ಲೇ ಕೇಳಬೇಕು. ಇದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು.

ಆ ಹುಡುಗಿಯ ಅಧ್ಯಯನ ಮುಗಿದಾಗ ಪ್ರಶ್ನಾವಳಿ ಬರುವುದೂ ನಿಂತಿತು. ನನಗೆ ಬೇಸರವೂ ಸಿಟ್ಟೂ ಬಂತು. ಸಂಶೋಧನೆ ಇದ್ದರೆ ಮಾತ್ರ ಕೇಳುವುದೇ? ಅಮೆರಿಕದಲ್ಲಿ ಬೇರೆ ಬಗೆಯ ಕ್ಯಾನ್ಸರ್‌ಗಳಿದ್ದ 766 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತಮ್ಮ ತೊಂದರೆಗಳನ್ನು ತಾವೇ ಆಗಾಗ ದಾಖಲಿಸಿ ನರ್ಸ್‌ಗೆ ತಲುಪಿಸುತ್ತಿದ್ದವರಲ್ಲಿ ಅರ್ಧದಷ್ಟು ಮಂದಿ 31.2 ತಿಂಗಳಿಗಿಂತ ಹೆಚ್ಚು ಬದುಕಿದರು, ಉಳಿದವರಲ್ಲಿ ಆ ಲೆಕ್ಕ 26 ತಿಂಗಳು. ಕೇಳಿ ಬರೆದಿಡುವುದಕ್ಕೆ ಅಷ್ಟು ಶಕ್ತಿ ಇದೆ. ನಾವು ಶಾಲೆಯ ಒಂದು ಗೆರೆಪುಸ್ತಕದಲ್ಲಿ ನಮ್ಮದೇ ಪ್ರಶ್ನೆಗಳನ್ನು ಬರೆದು ಮುಂದುವರಿಸಿದೆವು, ಪ್ರತಿ ಆದಿತ್ಯವಾರ ಬೆಳಿಗ್ಗೆ. ಅಂಗಾಲು ಮರಗಟ್ಟುವುದನ್ನು ಆ ಮೂವತ್ತರಲ್ಲಿ ಯಾವ ಪ್ರಶ್ನೆಯೂ ಕೇಳುವುದಿಲ್ಲ, ಅದನ್ನು ನಾವೇ ಸೇರಿಸಿದೆವು. ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧ ಕೊಟ್ಟ ವಾರ ತಣ್ಣಗಿನ ಸ್ಟೀಲ್ ಲೋಟ ಮುಟ್ಟಿದರೆ ಅಪ್ಪನ ಬೆರಳುಗಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದಂತಾದಾಗ ಪುಸ್ತಕ ತೋರಿಸಿದೆ, ಡಾಕ್ಟರು ಪ್ರಮಾಣ ಇಳಿಸಿದರು.

ಆ ಪ್ರಶ್ನಾವಳಿಯ ಕೊನೆಯ ಎರಡು ಪ್ರಶ್ನೆಗಳನ್ನು ನಮ್ಮ ಪುಸ್ತಕದಲ್ಲೂ ಉಳಿಸಿಕೊಂಡಿದ್ದೆವು, ಅವುಗಳ ಬಗ್ಗೆ ಹೇಳಿ ಅಕ್ಕನ ವಿಷಯಕ್ಕೆ ಬರುತ್ತೇನೆ. 29ನೆಯದು, ಕಳೆದ ವಾರ ನಿಮ್ಮ ಒಟ್ಟಾರೆ ಆರೋಗ್ಯ ಹೇಗಿತ್ತು? 30ನೆಯದು, ಒಟ್ಟಾರೆ ಜೀವನದ ಗುಣಮಟ್ಟ ಹೇಗಿತ್ತು? ತೀರಿಕೊಳ್ಳುವ ತಿಂಗಳು ಮೊದಲು, ನಮ್ಮ ಅಂಗಳದಲ್ಲಿ ತಾಳಮದ್ದಳೆ ನಡೆದ ವಾರ, ಅಪ್ಪ ಮೊದಲನೆಯದಕ್ಕೆ 2 ಬರೆಸಿದರು. ಎರಡನೆಯದಕ್ಕೆ 6. ಆ ರಾತ್ರಿ ಅವರು ಒರಗುಕುರ್ಚಿಯಲ್ಲಿ ಮಲಗಿಕೊಂಡೇ ಕರ್ಣನ ಅರ್ಥ ಕೇಳಿದ್ದರು, ಎರಡು ಕಡೆ ಅರ್ಥಧಾರಿಯನ್ನು ತಿದ್ದಿಯೂ ಇದ್ದರು. ಸೂತ್ರದ ಪ್ರಕಾರ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಕು, 100ಕ್ಕೆ 50 ಬರುತ್ತದೆ. ನಾನು ಕೂಡಿಸಲಿಲ್ಲ. ಎರಡೂ ಅಂಕಿಗಳು ಪುಸ್ತಕದಲ್ಲಿ ಹಾಗೆಯೇ ಇವೆ.

ಈಗ ಅಕ್ಕ. ಶಸ್ತ್ರಚಿಕಿತ್ಸೆಯ ಬಳಿಕ ಸ್ವಲ್ಪ ಕಾಲ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಇರಬಹುದು ಎಂದರಂತೆ. ಹಾಗಾದರೆ ಸ್ಟೋಮಾದ, ಅಂದರೆ ಕರುಳನ್ನು ಹೊಟ್ಟೆಯ ಮೇಲೆ ತೆರೆಯುವ ರಂಧ್ರದ, ಜಾಗವನ್ನು ಮೊದಲೇ ಗುರುತು ಹಾಕಿಸು. ಅವರನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಬೇಕು. ಸೀರೆಯ ಒಳಲಂಗದ ಲಾಡಿ ಎಲ್ಲಿ ಬರುತ್ತದೆಂದು ಹೇಳಲು ಅವರಿಗೆ ಅವಕಾಶ ಸಿಗಬೇಕು. ಲಾಡಿಯ ಗೆರೆಯ ಮೇಲೆಯೇ ಬಂದರೆ ಚೀಲ ಸೋರುತ್ತದೆ, ಮನೆಯಿಂದ ಹೊರಬರುವ ಧೈರ್ಯವೇ ಹೋಗುತ್ತದೆ. ದೊಡ್ಡಕರುಳು ಮತ್ತು ಗುದನಾಳದ ರೋಗಿಗಳಿಗೆಂದೇ ಸಿಆರ್29 ಎಂಬ ಪ್ರತ್ಯೇಕ ಪ್ರಶ್ನಾವಳಿ ಇದೆ. ಅದರಲ್ಲಿ ಚೀಲದ ಮುಜುಗರ, ಸೋರಿಕೆ, ದಾಂಪತ್ಯದ ಕಷ್ಟ ಎಲ್ಲವೂ ಇವೆ. ತಮ್ಮನಾಗಿ ನೀನು ಇವನ್ನು ಕೇಳಲಾರೆ, ಅವರೂ ಹೇಳಲಾರರು. ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಕೇಳುವಂತೆ ನೋಡಿಕೋ. ಚೀಲ ತೆಗೆದ ಮೇಲೂ ಪದೇ ಪದೇ ಶೌಚಕ್ಕೆ ಓಡುವ, ತಡೆದುಕೊಳ್ಳಲಾಗದ ತೊಂದರೆ ಹಲವರಿಗೆ ಉಳಿಯುತ್ತದೆ. ಅದನ್ನು ಅಳೆಯಲು ಡೆನ್ಮಾರ್ಕಿನವರು 2012ರಲ್ಲಿ ಐದೇ ಪ್ರಶ್ನೆಗಳ ಲಾರ್ಸ್ ಅಂಕಪಟ್ಟಿ ಮಾಡಿದ್ದಾರೆ. ಒಟ್ಟು 42, ಅದರಲ್ಲಿ 30 ತಲುಪಿದರೆ ತೀವ್ರ. ಆಹಾರ, ಮಾತ್ರೆ, ಮಲ ತಡೆದುಕೊಳ್ಳುವ ಸ್ನಾಯುಗಳ ವ್ಯಾಯಾಮ ಎಂದು ಅದಕ್ಕೂ ದಾರಿಗಳಿವೆ.

ಬುಧವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಹೊಸ ಗೆರೆಪುಸ್ತಕ ತಂದಿಟ್ಟಿದ್ದೇನೆ, ಮೊದಲ ಪುಟದಲ್ಲಿ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಪೆನ್ನು ಅಕ್ಕನ ಕೈಗೆ ಕೊಡು. ಭಾವ ತುಂಬಲು ಹೊರಟರೆ ಮೆಲ್ಲಗೆ ತಡೆ. ಅವರ ಕನ್ನಡಕವನ್ನು ಮರೆಯದೆ ಎತ್ತಿಟ್ಟುಕೋ.

ನಿನ್ನ
ಗೆಳೆಯ