ಪಟ್ಟಿ ಕೊಡುವುದಿಲ್ಲ, ದಾಖಲೆ ಎಲ್ಲಿ ಎನ್ನುತ್ತಾರೆ

ಮಾನ್ಯರೇ,

ಸೋಮವಾರಪೇಟೆಯಲ್ಲಿ ಅಪ್ಪನ ಕಾಲದಿಂದ ನಮ್ಮದು ಪೇಪರ್ ಏಜೆನ್ಸಿ. ನಿಮ್ಮ ಪತ್ರಿಕೆಯೂ ಸೇರಿ ಐದು ಪತ್ರಿಕೆಗಳು ನನ್ನ ಕೈದಾಟಿಯೇ ಮನೆಮನೆಗೆ ಹೋಗುತ್ತವೆ. ಬೆಳಗಿನ ಜಾವ ಮೈಸೂರಿನ ವ್ಯಾನು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಬರುತ್ತದೆ. ಬಂಡಲ್ ಬಿಚ್ಚಿ, ಪುರವಣಿ ಸೇರಿಸಿ, ಮಳೆಗಾಲವಾದರೆ ಒಂದೊಂದನ್ನೂ ಪ್ಲಾಸ್ಟಿಕ್ಕಿಗೆ ತುರುಕಿ ಹುಡುಗರ ಕೈಗೆ ಕೊಡುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಹಂಚುವುದು ನನ್ನ ಕೆಲಸ, ಬರೆಯುವುದಲ್ಲ. ಇಷ್ಟು ವರ್ಷದಲ್ಲಿ ಸಂಪಾದಕರಿಗೆಂದು ಕಾಗದ ಬರೆದದ್ದು ಇದೇ ಮೊದಲು. ಕಮಿಷನ್ ವಿಷಯಕ್ಕೆ ಬರೆದದ್ದನ್ನು ಬಿಟ್ಟರೆ.

ಬರೆಯುವಂತೆ ಮಾಡಿದವನು ನಮ್ಮ ಕಡೆಯ ಒಬ್ಬ ಸುದ್ದಿಗಾರ. ಸಂಬಳದವನಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಬರುತ್ತದೆ, ಪೆಟ್ರೋಲು ಅವನದೇ. ಎರಡು ಎಕರೆ ಕಾಫಿ, ಒಂದಿಷ್ಟು ಮೆಣಸು ಇರುವುದರಿಂದ ಬದುಕು ನಡೆದಿದೆ. ಕಳೆದ ಮಳೆಗಾಲದಲ್ಲಿ ಮನೆ ಬಿದ್ದವರಿಗೆ ಕೊಟ್ಟ ಪರಿಹಾರದಲ್ಲಿ ಏರುಪೇರಾಗಿದೆ, ಗೋಡೆ ನೆಟ್ಟಗಿರುವವರಿಗೆ ದುಡ್ಡು ಬಂದಿದೆ, ಟಾರ್ಪಾಲಿನ ಕೆಳಗೆ ಮಲಗಿದವರಿಗೆ ಬಂದಿಲ್ಲ ಎಂದು ಊರಿನವರು ಇವನ ಹತ್ತಿರ ಹೇಳಿಕೊಂಡರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಫಲಾನುಭವಿಗಳ ಪಟ್ಟಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ. ತಿಂಗಳ ಕೊನೆಗೆ ಒಂದೂವರೆ ಸಾಲಿನ ಹಿಂಬರಹ ಬಂತು: ಕೇಳಿರುವುದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ.

ಸರಿ, ಪಟ್ಟಿಯಿಲ್ಲದೆಯೇ ಜನ ಹೇಳಿದ್ದನ್ನು ಬರೆದ. ಒಳಪುಟದಲ್ಲಿ ನಾಲ್ಕು ಇಂಚು ಬಂತು. ಅದೇ ದಿನ ಮಧ್ಯಾಹ್ನ ಫೋನ್. ‘ಆರೋಪ ಅಂತ ಬರೆದಿದ್ದೀರಲ್ಲ, ದಾಖಲೆ ಇದೆಯಾ? ಇಲ್ಲದಿದ್ದರೆ ಮಾನನಷ್ಟದ ಕೇಸು ನೋಡಿಕೊಳ್ಳಿ.’ ಮಾತು ಬಲು ಮರ್ಯಾದೆಯದು, ಬಹುವಚನದ್ದು. ಪಟ್ಟಿ ಕೊಡದವರ ಕಡೆಯವರೇ ಪಟ್ಟಿ ಎಲ್ಲಿ ಎಂದು ಕೇಳಿದರು. ಮರುದಿನ ಅಂಗಡಿಗೆ ಬಂದವನು ಟೀ ತಣ್ಣಗಾಗುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ಅವನು ಕಳಿಸಿದ ಸುದ್ದಿಗಳನ್ನು ನಾನು ಕಂಡಿದ್ದೇನೆ: ವಾರ್ಷಿಕೋತ್ಸವ, ಸನ್ಮಾನ, ಕಾಡಾನೆ. ಆನೆ ಕೇಸು ಹಾಕುವುದಿಲ್ಲ.

ಈ ಒಂದೂವರೆ ಸಾಲು ಎಲ್ಲಿಂದ ಬಂತು ಎಂದು ಪರಿಚಯದ ವಕೀಲರನ್ನು ಕೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ವೈಯಕ್ತಿಕ ಮಾಹಿತಿಗೆ ರಕ್ಷಣೆ ಇತ್ತು. ಆದರೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ್ದಾಗಿದ್ದರೆ, ಅಥವಾ ಒಬ್ಬರ ಖಾಸಗಿ ಬದುಕಿನಲ್ಲಿ ವಿನಾಕಾರಣ ಕೈಹಾಕಿದಂತಾಗುತ್ತಿದ್ದರೆ ಮಾತ್ರ. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನೆಲ್ಲ ಅಳಿಸಿ, ವೈಯಕ್ತಿಕ ಮಾಹಿತಿ ಎಂದರೆ ಮುಗಿಯಿತು ಎಂದು ಮಾಡಿದೆ. 2025ರ ನವೆಂಬರಿನಿಂದ ಈ ಬದಲಾವಣೆ ಜಾರಿಯಲ್ಲಿದೆ. ಮೊದಲ ಕರಡುಗಳಲ್ಲಿ ಪತ್ರಕರ್ತರ ಕೆಲಸಕ್ಕೆಂದು ಇದ್ದ ವಿನಾಯಿತಿ ಕೊನೆಯ ಕಾಯ್ದೆಯಲ್ಲಿ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ ಸೆಕ್ಷನ್ 8(2) ಇನ್ನೂ ಉಳಿದಿದೆ, ಸಹಾಯಧನ ಪಡೆದವರ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎನ್ನುವ 4ನೇ ಸೆಕ್ಷನ್ನೂ ಇದೆ, ಮೇಲ್ಮನವಿ ಹಾಕಲಿ ಎಂದರು ವಕೀಲರು. ಹಾಕಬಹುದು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ.

ಇದನ್ನು ಓದಿ ನಾನು ಯಾವ ಪಕ್ಷದವನೆಂದು ಕೆಲವರು ಲೆಕ್ಕ ಹಾಕಬಹುದು. ಎಲ್ಲಾ ಪಕ್ಷದವರೂ ನನ್ನ ಗಿರಾಕಿಗಳೇ, ಬಾಕಿ ಉಳಿಸಿಕೊಳ್ಳುವುದರಲ್ಲೂ ಭೇದವಿಲ್ಲ. ಮೇಲಿನದು ಕೇಂದ್ರದ ಕಾಯ್ದೆ. ನಮ್ಮ ರಾಜ್ಯದ್ದು ನೋಡಿ: 2017ರಲ್ಲಿ ಶಾಸಕರ ವಿರುದ್ಧ ಬರೆದರೆಂದು ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಎಂದು ವಿಧಾನಸಭೆಯಲ್ಲೇ ತೀರ್ಮಾನವಾಯಿತು. ದೂರುದಾರರೂ ಅವರೇ, ನ್ಯಾಯಾಧೀಶರೂ ಅವರೇ. 2019ರಲ್ಲಿ ಬೇರೆ ಪಕ್ಷದ ಸರ್ಕಾರ ಬಂತು, ಸದನದೊಳಗೆ ಖಾಸಗಿ ಚಾನೆಲ್‌ಗಳ ಕ್ಯಾಮೆರಾ ಬೇಡವೆಂದಾಯಿತು. ಮತ್ತೆ ಸರ್ಕಾರ ಬದಲಾಯಿತು. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಸಿಕ್ಕಿತು, ಏಳು ವರ್ಷದವರೆಗೆ ಜೈಲು. ದ್ವೇಷ ಹರಡುವವರನ್ನು ಹಿಡಿಯಬಾರದೆಂದು ನಾನು ಹೇಳುವುದಿಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಕುಸಿದಾಗ, ಕುಸಿಯದ ಗುಡ್ಡಗಳನ್ನೂ ವಾಟ್ಸಾಪ್‌ನಲ್ಲಿ ಕುಸಿಸಿದವರನ್ನು ಕಂಡವನು ನಾನು. ಆದರೆ ಯಾವುದು ದ್ವೇಷ, ಯಾವುದು ದೂರು ಎಂದು ಮೊದಲು ತೀರ್ಮಾನಿಸುವುದು ಸ್ಟೇಷನ್ನಿನ ಮೇಜಿನ ಆಚೆ ಕುಳಿತವರು. ನನ್ನ ಭಯ ಅಲ್ಲಿದೆ.

ತುರ್ತು ಪರಿಸ್ಥಿತಿ ಬಂದಾಗ ನಾನು ಆರನೇ ಕ್ಲಾಸು. ಅಪ್ಪನ ಜೊತೆ ಬಂಡಲ್ ಇಳಿಸಿಕೊಳ್ಳಲು ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದೆ. ಅಪ್ಪ ಮೊದಲ ಪುಟ ನೋಡಿ ‘ಇವತ್ತೂ ಸಪ್ಪೆ ಕಣೋ’ ಎಂದು ಮಡಚಿಡುತ್ತಿದ್ದರು. ದೆಹಲಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ 1975ರ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತಂತೆ. ಆ ಪ್ರತಿ ನಮ್ಮ ಅಂಗಡಿಗೆ ಬಂದಿರಲಿಲ್ಲ, ಅಪ್ಪ ಹೇಳಿ ಕೇಳಿದ್ದು. ಇಲ್ಲೇನೋ ಇತ್ತು, ತೆಗೆದಿದ್ದಾರೆ ಎಂದು ಓದು ಬಾರದವನಿಗೂ ಆ ಖಾಲಿ ಜಾಗದಿಂದ ತಿಳಿಯುತ್ತಿತ್ತು. ಈಗ ಪುಟ ತುಂಬಿರುತ್ತದೆ. ಮುಖಪುಟದ ಮೇಲೆ ಇನ್ನೊಂದು ಮುಖಪುಟ, ಅದರ ತುಂಬ ಸರ್ಕಾರದ ಜಾಹೀರಾತು. ಬಂಡಲ್ ಹೊರುವ ನನ್ನ ಸೊಂಟಕ್ಕೆ ಗೊತ್ತು, ತೂಕವೇನೂ ಕಮ್ಮಿಯಾಗಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಪರಿಹಾರದ್ದೋ, ರಸ್ತೆಯದ್ದೋ ಮಾಹಿತಿ ಕೇಳಿ ಸಿಗದೇ ಹೋದಾಗ ಆ ಹಿಂಬರಹವನ್ನೇ ಅಚ್ಚು ಹಾಕಿ. ಯಾವ ದಿನ ಏನು ಕೇಳಿದ್ದೆವು, ಯಾವ ದಿನ ಏನೆಂದು ನಿರಾಕರಿಸಿದರು, ಅಷ್ಟೇ ಸಾಕು. ನಾಲ್ಕು ಇಂಚಿನ ಜಾಗಕ್ಕೆ ಧಾರಾಳವಾಗಿ ಹಿಡಿಸುತ್ತದೆ. ಇನ್ನು ಬಿಡಿ ಸುದ್ದಿಗಾರರಿಗೆ ಫೋನ್ ಬಂದರೆ ತಿರುಗಿ ಫೋನ್ ಮಾಡುವವರು ನಿಮ್ಮ ಕಚೇರಿಯಲ್ಲಿ ಒಬ್ಬರಿರಲಿ. ಅವತ್ತು ಅವನು ಮೂರು ಸಲ ಡೆಸ್ಕಿಗೆ ಫೋನ್ ಮಾಡಿದ್ದ, ಯಾರೂ ಎತ್ತಲಿಲ್ಲವಂತೆ. ಯಾವ ಪತ್ರಿಕೆಯ ಡೆಸ್ಕು ಎಂದು ನಾನು ಹೇಳುವುದಿಲ್ಲ.

ಪತ್ರದ ಕೆಳಗೆ ನನ್ನ ಹೆಸರು ಹಾಕಲು ನನಗೇನೂ ಅಭ್ಯಂತರವಿರಲಿಲ್ಲ. ಆದರೆ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಟೀ ಕುಡಿಯುವವರು ಯಾರ್ಯಾರು ಎಂದು ಇಡೀ ಪೇಟೆಗೆ ಗೊತ್ತು. ನನ್ನ ಹೆಸರು ಬಂದರೆ ಅವನ ಹೆಸರೂ ಬಂದಂತೆ. ಹೆಸರು, ವಿಳಾಸ ನಿಮ್ಮ ತಿಳಿವಳಿಕೆಗೆ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಅಚ್ಚು ಹಾಕಬೇಡಿ.

— ಒಬ್ಬ ಪತ್ರಿಕಾ ಏಜೆಂಟ್, ಸೋಮವಾರಪೇಟೆ